ನೇತ್ರಾಣಿ ದ್ವೀಪಕ್ಕೆ ಖಾಸಗಿ ದೋಣಿ ವಿಹಾರ ಹಾಗೂ ಸ್ನಾರ್ಕೆಲಿಂಗ್: ಸಾರ್ವಜನಿಕರಿಗೆ ಮಾಹಿತಿ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಿಗೆ ಸಮುದ್ರ ತೀರವಿರುವುದಿಲ್ಲ. ಮುಖಗವಸು ಹಾಗೂ ಉಸಿರಾಟದ ಕೊಳವೆ ಧರಿಸಿ, ನೀರಿನ ಮೇಲ್ಭಾಗದಲ್ಲಿ ತೇಲುತ್ತಾ ಹವಳ ಮತ್ತು ಮೀನುಗಳನ್ನು ವೀಕ್ಷಿಸುವ ಸ್ನಾರ್ಕೆಲಿಂಗ್‌ನಲ್ಲಿ ಆಸಕ್ತಿಯುಳ್ಳ ಈ ಭಾಗದ ನಾಗರಿಕರು ಉತ್ತರ ಕನ್ನಡ ಜಿಲ್ಲೆ, ಭಟ್ಕಳ ತಾಲ್ಲೂಕಿನ ಮುರುಡೇಶ್ವರಕ್ಕೆ ತೆರಳಬಹುದಾಗಿರುತ್ತದೆ. ನೇತ್ರಾಣಿ ದ್ವೀಪವು ಅಲ್ಲಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ದೂರದಲ್ಲಿದೆ.

ತಲುಪುವ ಮಾರ್ಗ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ, ಕುಂದಾಪುರ, ಭಟ್ಕಳ ಮೂಲಕ. ಮುರುಡೇಶ್ವರದಲ್ಲಿ ಕೊಂಕಣ ರೈಲ್ವೆ ನಿಲ್ದಾಣವೂ ಇರುತ್ತದೆ.

ಗಮನಿಸಬೇಕಾದ ಅಂಶಗಳು:

1. ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಪ್ರವಾಸವನ್ನು ಯೋಜಿಸತಕ್ಕದ್ದಲ್ಲ. ಇತರೆ ತಿಂಗಳುಗಳಲ್ಲಿಯೂ ಹವಾಮಾನ ಮುನ್ಸೂಚನೆ ಹಾಗೂ ಜಿಲ್ಲಾಡಳಿತದ ಆದೇಶಗಳನ್ನು ಪರಿಶೀಲಿಸತಕ್ಕದ್ದು.

2. ಹಣ ಪಾವತಿಸುವ ಮುನ್ನ ದೋಣಿಯ ನೋಂದಣಿ, ವಿಮೆ, ಪ್ರಯಾಣಿಕರ ಮಿತಿ ಹಾಗೂ ಪ್ರವಾಸ ರದ್ದಾದಲ್ಲಿ ಹಣ ಮರುಪಾವತಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು.

3. ದಡದಿಂದ ದಡಕ್ಕೆ ಮರಳುವವರೆಗೂ ದೋಣಿಯಲ್ಲಿ ಲೈಫ್ ಜಾಕೆಟ್ ಧರಿಸಿರತಕ್ಕದ್ದು. ಹೃದ್ರೋಗ, ಉಬ್ಬಸ ಇರುವವರು ವೈದ್ಯರ ಸಲಹೆ ಪಡೆಯುವುದು.

4. ಹವಳವು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿ 1ರಲ್ಲಿದ್ದು, ಅದನ್ನು ಮುರಿಯುವುದು ಅಥವಾ ಮನೆಗೆ ತರುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ವಿಶೇಷ ಸೂಚನೆ: ನೇತ್ರಾವತಿ, ಫಲ್ಗುಣಿ ನದಿಗಳಲ್ಲಿ ಈಜಿದ ಅನುಭವವು ಸಮುದ್ರಕ್ಕೆ ಸಾಲದು. ಅಲೆ ಹಿಂದಿರುಗುವಾಗಿನ ಸೆಳೆತವು ನುರಿತ ಈಜುಗಾರರನ್ನೂ ಒಯ್ಯಬಲ್ಲದು. 10-12-2024ರಂದು ಮುರುಡೇಶ್ವರ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆದುದರಿಂದ ಮಕ್ಕಳನ್ನು ಕಣ್ಗಾವಲಿನಲ್ಲಿಯೇ ಇರಿಸಿಕೊಳ್ಳುವಂತೆ ಪೋಷಕರಲ್ಲಿ ಕೋರಲಾಗಿದೆ.

ತುರ್ತು ದೂರವಾಣಿ: 112, ಕರಾವಳಿ ರಕ್ಷಣಾ ಪಡೆ: 1554.