ಹಂದಿಮರಿಯ ಮೇವಿಗೆ ಮದ್ದು: ಡೆನ್ಮಾರ್ಕಿನ ಸಹಕಾರಿ ರೈತರು ಕಲಿತ ಪಾಠ



ಹಸು, ಎಮ್ಮೆಗಳ ವಿಚಾರವನ್ನು ನಾವು ಸಂಘದಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಹಂದಿ ಸಾಕುವವರೂ ನಮ್ಮಲ್ಲಿ ಇದ್ದಾರೆ. ಮರಿಗಳ ಮೇವಿಗೆ ಏನು ಬೆರೆಸಬೇಕು, ಏನು ಬೆರೆಸಬಾರದು ಅನ್ನುವುದು ಅವರ ಪ್ರಶ್ನೆ. ಈ ಬೆಳ್ಳಿ ಹಬ್ಬದ ಸಂದರ್ಭದಲ್ಲಿ, ಇದೇ ಪ್ರಶ್ನೆಗೆ ಉತ್ತರ ಹುಡುಕಿದ ಡೆನ್ಮಾರ್ಕ್ ದೇಶದ ರೈತರ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ತಿಳಿಸುತ್ತೇವೆ.

ಅಲ್ಲಿ ಮೊದಲ ಸಹಕಾರಿ ಡೇರಿ 1882ರಲ್ಲಿ ಶುರುವಾಯಿತು. ಕೆನೆ ತೆಗೆದ ಹಾಲನ್ನು ಡೇರಿಗಳು ರೈತರಿಗೇ ವಾಪಸ್ ಕೊಡುತ್ತಿದ್ದವು. ಅದು ಹಂದಿಗಳಿಗೆ ಮೇವಾಯಿತು. 1887ರಲ್ಲಿ ಜರ್ಮನಿ ಜೀವಂತ ಹಂದಿಗಳ ಆಮದು ನಿಲ್ಲಿಸಿತು. ರೈತರು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಹೋರ್ಸೆನ್ಸ್ ಊರಿನಲ್ಲಿ ತಮ್ಮದೇ ಸಹಕಾರಿ ಮಾಂಸದ ಕಾರ್ಖಾನೆ ಕಟ್ಟಿದರು. ಹಂದಿ ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ಅಂದ್ರೆ ಅದಾಗಿ 18 ವರ್ಷಕ್ಕೆ.

ಹಂದಿಮರಿಗೆ ಕಷ್ಟದ ಕಾಲ ಎರಡು. ಹುಟ್ಟಿದ ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು, ತಾಯಿ ಹಾಲಿನಲ್ಲಿ ಸಿಗುವುದು ಸುಮಾರು 1 ಮಿಲಿಗ್ರಾಂ. ಅದಕ್ಕೇ ಮೊದಲ ವಾರದಲ್ಲೇ ಕಬ್ಬಿಣದ ಇಂಜೆಕ್ಷನ್ ಕೊಡ್ತಾರೆ. ಎರಡನೆಯದು ಹಾಲು ಬಿಡಿಸುವ ಕಾಲ. ತಾಯಿ ಹಾಲಿನ ರಕ್ಷಣೆ ತಪ್ಪುತ್ತದೆ, ಹೊಟ್ಟೆಯಲ್ಲಿ ಹುಳಿ ಇನ್ನೂ ಸಾಲದು, ಕಾಳಿನ ಮೇವು ಅರಗುವುದಿಲ್ಲ. ಭೇದಿ ಹಿಡಿಯುತ್ತದೆ.

ಅಮೆರಿಕದಲ್ಲಿ 1951ರಲ್ಲಿ ಮೇವಿಗೆ ಆಂಟಿಬಯೋಟಿಕ್ ಬೆರೆಸಲು ಒಪ್ಪಿಗೆ ಸಿಕ್ಕಿತು. ಮರಿ ಬೇಗ ಬೆಳೆಯುತ್ತದೆ, ಭೇದಿಯೂ ಕಡಿಮೆ ಎಂದು ಲೋಕವೆಲ್ಲ ಹಬ್ಬಿತು. ಆದರೆ ದಿನಾ ಸ್ವಲ್ಪ ಸ್ವಲ್ಪ ಮದ್ದು ತಿಂದರೆ ರೋಗಾಣುಗಳು ಅದಕ್ಕೆ ಒಗ್ಗಿಹೋಗುತ್ತವೆ. ಆಮೇಲೆ ಮನುಷ್ಯರಿಗೆ ಕಾಯಿಲೆ ಬಂದಾಗ ಅದೇ ಜಾತಿಯ ಮದ್ದು ನಾಟುವುದಿಲ್ಲ. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತು. 1986ರಲ್ಲಿ ಸ್ವೀಡನ್ ನಿಷೇಧಿಸಿತು.

ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ಎಂಬ ಮದ್ದನ್ನು ನಿಷೇಧಿಸಿತು. 1998ರಲ್ಲಿ ಹಂದಿ ಸಾಕಣೆಯವರು ದೊಡ್ಡ ಹಂದಿಗಳ ಮೇವಿನಿಂದ ಬೆಳವಣಿಗೆ ಮದ್ದುಗಳನ್ನು ತಾವಾಗಿಯೇ ಬಿಟ್ಟರು; 1999ರ ಕೊನೆಯೊಳಗೆ ಮರಿಗಳ ಮೇವಿನಿಂದಲೂ ತೆಗೆದರು. ಸುಲಭವಾಗಲಿಲ್ಲ. ಮರಿಗಳಲ್ಲಿ ಭೇದಿ ಹೆಚ್ಚಿತು, ಚಿಕಿತ್ಸೆಗೆ ಮದ್ದು ಜಾಸ್ತಿ ಬೇಕಾಯಿತು. ಆದರೂ ಹಿಂದೆ ಸರಿಯಲಿಲ್ಲ. ಕೊಟ್ಟಿಗೆಯ ಶುಚಿ, ಮೇವಿನ ಹದ, ಹಾಲು ಬಿಡಿಸುವ ವಯಸ್ಸು ಇವುಗಳ ಕಡೆ ಗಮನ ಕೊಟ್ಟರು. ಫಲ ಏನು? 1992ರಿಂದ 2008ರೊಳಗೆ ಒಂದು ಕಿಲೋ ಹಂದಿಗೆ ಬಳಸುವ ಆಂಟಿಬಯೋಟಿಕ್ ಅರ್ಧಕ್ಕಿಂತ ಕೆಳಗಿಳಿಯಿತು. ವರ್ಷದ ಹಂದಿ ಉತ್ಪಾದನೆ ಮಾತ್ರ 1.84 ಕೋಟಿಯಿಂದ 2.71 ಕೋಟಿಗೆ ಏರಿತು. ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ಎಲ್ಲ ಕಡೆ ಇದನ್ನೇ ಜಾರಿ ಮಾಡಿತು.

ಭೇದಿಗೆ ಮದ್ದಾಗಿ ಮೇವಿಗೆ ಹೆಚ್ಚು ಪ್ರಮಾಣದಲ್ಲಿ ಬೆರೆಸುತ್ತಿದ್ದ ಜಿಂಕ್ ಆಕ್ಸೈಡ್ ಕೂಡ ಗೊಬ್ಬರದ ಮೂಲಕ ಮಣ್ಣು ಸೇರುತ್ತದೆಂದು 2022ರ ಜೂನ್‌ನಲ್ಲಿ ಅಲ್ಲಿ ನಿಂತಿತು.

ನಮ್ಮ ದೇಶದಲ್ಲೂ 2019ರಲ್ಲಿ ಕೇಂದ್ರ ಸರ್ಕಾರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಮದ್ದನ್ನು ನಿಷೇಧಿಸಿದೆ. ಆದರೆ ಕಾನೂನು ಒಂದರಿಂದಲೇ ಎಲ್ಲಾ ಆಗೋದಿಲ್ಲ. ಒಬ್ಬ ರೈತ ಒಂಟಿಯಾಗಿ ಮದ್ದು ಬಿಟ್ಟರೆ ನಷ್ಟ ಅವನೊಬ್ಬನದೇ. ಸಂಘ ಕೂಡಿ ಬಿಟ್ಟರೆ ಕಷ್ಟವನ್ನೂ ಹಂಚಿಕೊಳ್ಳಬಹುದು, ಕಲಿತದ್ದನ್ನೂ ಹಂಚಿಕೊಳ್ಳಬಹುದು. ಆದ್ದರಿಂದ, ಏನು ಬೆರೆಸಿದೆಯೆಂದು ಚೀಲದ ಮೇಲೆ ಬರೆಯದ ಮೇವನ್ನು ನಮ್ಮ ಸಂಘ ತರಿಸಬಾರದು, ಡಾಕ್ಟರ ಚೀಟಿ ಇಲ್ಲದೆ ಮದ್ದು ಬೆರೆಸಬಾರದು ಎಂದು ಮುಂದಿನ ಮಹಾಸಭೆಯಲ್ಲಿ ಠರಾವು ಮಾಡೋಣ ಎಂಬುದೇ ನಮ್ಮ ವಿನಂತಿ.