ಸಿರುಗುಪ್ಪದ ಎರೆ ಬಯಲು

ಬಳ್ಳಾರಿ ಎಂದರೆ ಹೊರಗಿನವರಿಗೆ ಗಣಿಯೇ ನೆನಪು. ಗಣಿಯೆಲ್ಲ ಸಂಡೂರಿನ ಕಡೆ. ನಗರದ ಕೋಟೆ ಗುಡ್ಡ ಬಿಟ್ಟು ಉತ್ತರಕ್ಕೆ ಹೊರಟರೆ ಸಿಗುವುದು ಕರಿ ಎರೆಭೂಮಿ, ಅದರಾಚೆ ಹಗರಿ, ತುಂಗಭದ್ರೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದ ಮೇಲೆ ನಮಗುಳಿದದ್ದು ಐದು ತಾಲ್ಲೂಕು. ಕುರುಗೋಡು, ಸಿರುಗುಪ್ಪ ಅವುಗಳಲ್ಲಿ ಎರಡು.

ಕುರುಗೋಡು ಸಿಂದರ ರಾಜಧಾನಿಯಾಗಿತ್ತು. ಅಲ್ಲಿನ ದೊಡ್ಡಬಸವೇಶ್ವರ ಏಕಶಿಲೆಯ ಭಾರಿ ಬಸವ. ಅವನೆದುರು ಕೈಮುಗಿದಾಗಲೆಲ್ಲ ಈ ಸೀಮೆ ದನಕರುಗಳಿಂದ, ಅವು ಮೇಯುವ ಬಯಲಿನಿಂದ ಬದುಕಿತೆಂಬುದು ಮನಸ್ಸಿಗೆ ಬರುತ್ತದೆ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದಾಗ ಸಿಕ್ಕಿದ್ದೂ ದನ ಸಾಕುತ್ತಿದ್ದ ನವಶಿಲಾಯುಗದವರ ನೆಲೆಯೇ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಂತು. ಕೆಳಮಟ್ಟದ ಕಾಲುವೆ ಹರಿದ ಕಡೆಯೆಲ್ಲ ಭತ್ತ, ರೈಸ್ ಮಿಲ್ಲು. ಬರ ಉಂಡ ಜನಕ್ಕೆ ಅದು ಬೇಕಿತ್ತು. ನೀರು ಮುಟ್ಟದ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಹತ್ತಿ ಉಳಿದವು. ಅವುಗಳ ನಡುವೆ ಎರೆಭೂತ ಎಂಬ ಹಕ್ಕಿಯೂ ಉಳಿಯಿತು. ಪುಸ್ತಕದಲ್ಲಿ ಇದಕ್ಕೆ ಹೆಬ್ಬಕ ಎನ್ನುತ್ತಾರೆ.

ಗಂಡುಹಕ್ಕಿ ಹದಿನೈದು ಕಿಲೋವರೆಗೂ ತೂಗುತ್ತದೆ. ಮಿಡತೆ, ದುಂಬಿ, ಓತಿಕ್ಯಾತ, ಕಾಳು ಇದರ ಆಹಾರ. ಗೂಡು ಕಟ್ಟುವುದಿಲ್ಲ, ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಒಂದು ನಾಯಿ, ಒಂದು ಟ್ರ್ಯಾಕ್ಟರ್ ಹಾದರೆ ಆ ವರ್ಷದ ಸಂತಾನ ಮುಗಿದಂತೆ. ಮುಂದಿರುವುದು ಸರಿಯಾಗಿ ಕಾಣದ ಕಣ್ಣು ಬೇರೆ, ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ದೇಶದಲ್ಲೇ ನೂರೈವತ್ತಕ್ಕಿಂತ ಹೆಚ್ಚಿಲ್ಲವೆಂದು ಅಂದಾಜು. ಈಚಿನ ವರ್ಷಗಳಲ್ಲಿ ಕರ್ನಾಟಕದ ನೆಲೆಯೆಂದು ತಜ್ಞರು ಹೆಸರಿಸುವುದು ನಮ್ಮ ಸಿರುಗುಪ್ಪವನ್ನು. ಈ ಮಾತು ಊರ ಶಾಲೆಯ ಮಕ್ಕಳಿಗೂ ತಿಳಿದಿಲ್ಲವಲ್ಲ ಎಂಬುದು ನನ್ನ ಸಂಕಟ.

ಇನ್ನೊಂದು ತಕರಾರು ಪಹಣಿಯದು. ಹುಲ್ಲು ಬೆಳೆದ ಬಯಲು ಅಲ್ಲಿ ಬೀಳು, ಇಲ್ಲವೇ ಖರಾಬು. ಹಾಗೆ ಬರೆದಿದ್ದರೆ ಕಾರ್ಖಾನೆಗೋ ಸೋಲಾರ್ ಫಲಕಕ್ಕೋ ಕೊಡಲು ಯಾರೂ ಅಳುಕುವುದಿಲ್ಲ. ಇಲ್ಲದಿದ್ದರೆ ಹಸಿರು ಮಾಡುತ್ತೇವೆಂದು ಮರ ನೆಡುತ್ತಾರೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಬಯಲಲ್ಲಿ ನೀಲಗಿರಿ ತೋಪು ಎದ್ದಿತು, ಅಲ್ಲಿದ್ದ ಎರೆಭೂತ ಈಗಿಲ್ಲ. ಬಯಲನ್ನು ಬಯಲಾಗಿಯೇ ಕಾಯುವುದೂ ಕಾಡು ಕಾಯುವಷ್ಟೇ ದೊಡ್ಡ ಕೆಲಸ.

ರೈತರ ಹೊಲ ಕಿತ್ತುಕೊಂಡು ಹಕ್ಕಿ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಅವರು ಜೋಳ, ಕಡಲೆ ಬಿತ್ತಿದ್ದರಿಂದಲೇ ಅದು ಇಷ್ಟು ದಿನ ಬದುಕಿದ್ದು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬ ದಾರಿಯಿದೆ. ಜನ ತಾವಾಗಿ ಮುಂದೆ ಬಂದರೆ ಮಾತ್ರ ಘೋಷಣೆ, ನೆಲ ಅವರದೇ; ಬಳಕೆ ಬದಲಿಸಲು ಮಾತ್ರ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಘೋಷಣೆಯಾಯಿತು. ನಮ್ಮ ಪಂಚಾಯಿತಿಗಳೂ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಲಿ. ಒಣಬೇಸಾಯ ಬಿಡದ ರೈತರಿಗೆ ಪ್ರೋತ್ಸಾಹಧನ, ಎರೆ ಹೊಲಗಳ ಮೇಲಿನ ತಂತಿಯನ್ನು ನೆಲದಡಿ ಹಾಕುವುದು, ಈ ಎರಡನ್ನು ಮೊದಲು ಕೇಳಲಿ.