ಕಾರ್ಡು ಬರೆಯುವ ಯಂತ್ರ: ಕೊಂಡದ್ದು ಮತ್ತು ಕಟ್ಟಿದ್ದು

ಬ್ಯಾಂಕಿನ ಕಾರ್ಡಿನ ಮೇಲೆ, ಮೊಬೈಲ್ ಫೋನಿನ ಸಿಮ್ಮಿನ ಮೇಲೆ ಉಗುರಗಲದ ಹೊಂಬಣ್ಣದ ತಗಡೊಂದು ಹೊಳೆಯುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಅಲಂಕಾರಕ್ಕಲ್ಲ, ಒಳಗಿರುವ ಪುಟ್ಟ ಕಂಪ್ಯೂಟರಿನ ಹೊಸ್ತಿಲು ಅದು. ಆ ಕಂಪ್ಯೂಟರಿನೊಡನೆ ಮಾತನಾಡಲು, ಅದರಲ್ಲಿರುವುದನ್ನು ಓದಲು, ಹೊಸದನ್ನು ಬರೆಯಲು ಬೇಕಾದ ಸಾಧನಕ್ಕೆ ಸ್ಮಾರ್ಟ್ ಕಾರ್ಡ್ ಪ್ರೋಗ್ರಾಮರ್ ಎಂದು ಹೆಸರು. 1990ರ ದಶಕದಲ್ಲಿ ಯುರೋಪು, ಅಮೆರಿಕಗಳ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮುಂದೆ ಒಂದು ಪ್ರಶ್ನೆಯಿತ್ತು. ಇದನ್ನು ಅಂಗಡಿಯಲ್ಲಿ ಕೊಳ್ಳಬೇಕೆ, ಮನೆಯಲ್ಲೇ ಕಟ್ಟಿಕೊಳ್ಳಬೇಕೆ? ಹಣದ ಲೆಕ್ಕಾಚಾರವಾಗಿ ಹುಟ್ಟಿದ ಈ ಪ್ರಶ್ನೆ ಕೆಲವೇ ವರ್ಷಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು.

ಪ್ಲಾಸ್ಟಿಕ್ ಕಾರ್ಡಿನೊಳಗೆ ಚಿಪ್ ಇರಿಸುವ ಕಲ್ಪನೆಗೆ ಒಬ್ಬನೇ ತಂದೆಯಿಲ್ಲ. ಜರ್ಮನಿಯ ಹೆಲ್ಮುಟ್ ಗ್ರೋಟ್ರುಪ್ ಮತ್ತು ಯುರ್ಗೆನ್ ಡೆಥ್‌ಲೋಫ್ 1960ರ ದಶಕದ ಕೊನೆಯಲ್ಲಿ ಇದಕ್ಕೆ ಪೇಟೆಂಟ್ ಕೋರಿದ್ದರು. ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲಿ ಪಡೆದ ಪೇಟೆಂಟ್ ವ್ಯಾಪಾರಕ್ಕೆ ದಾರಿ ತೆರೆಯಿತು. ಅದೇ ದೇಶದ ಬುಲ್ ಕಂಪನಿಯಲ್ಲಿ ಮಿಷೆಲ್ ಉಗೋಂ ಕಾರ್ಡಿಗೆ ಮೈಕ್ರೊಪ್ರೊಸೆಸರ್ ಅಳವಡಿಸಿದರು. 1983ರಿಂದ ಫ್ರಾನ್ಸಿನ ಸಾರ್ವಜನಿಕ ಟೆಲಿಫೋನುಗಳಿಗೆ ನಾಣ್ಯದ ಬದಲು ಕಾರ್ಡು ಬಂತು. ಕಾರ್ಡಿನ ಅಳತೆ, ಸಂಪರ್ಕ ಬಿಂದುಗಳು, ಸಂಭಾಷಣೆಯ ಕ್ರಮಗಳನ್ನು ನಿಗದಿಪಡಿಸುವ ಐಎಸ್‌ಒ 7816 ಎಂಬ ಅಂತರರಾಷ್ಟ್ರೀಯ ಮಾನಕದ ಮೊದಲ ಭಾಗ 1987ರಲ್ಲಿ ಪ್ರಕಟವಾಯಿತು.

ಹವ್ಯಾಸಿಗಳಿಗೆ ಬಾಗಿಲು ತೆರೆದದ್ದು ಈ ಮಾನಕವೇ. ಕಾರ್ಡಿಗೆ ಸ್ವಂತ ಬ್ಯಾಟರಿಯಿಲ್ಲ. ವಿದ್ಯುತ್ತು, ಗಡಿಯಾರದ ಮಿಡಿತ, 'ಎದ್ದೇಳು' ಎನ್ನುವ ರೀಸೆಟ್ ಸೂಚನೆ ಎಲ್ಲವನ್ನೂ ಹೊರಗಿನ ಸಾಧನವೇ ಕೊಡಬೇಕು. ಎಚ್ಚೆತ್ತ ಕಾರ್ಡು ತನ್ನ ಪರಿಚಯವನ್ನು ಕೆಲವು ಬೈಟುಗಳಲ್ಲಿ ಹೇಳುತ್ತದೆ. ರೂಢಿಯಂತೆ ಒಂದೊಂದು ಬಿಟ್ಟಿಗೂ ಗಡಿಯಾರದ 372 ಮಿಡಿತಗಳಷ್ಟು ಕಾಲ. ಆಗ ಅಮೆರಿಕದ ಬಣ್ಣದ ಟಿ.ವಿ.ಗಳಲ್ಲಿ ಬಳಸುತ್ತಿದ್ದ 3.58 ಮೆಗಾಹರ್ಟ್ಸ್ ಕ್ರಿಸ್ಟಲ್ ಎಲ್ಲೆಡೆ ಅಗ್ಗವಾಗಿ ಸಿಗುತ್ತಿತ್ತು. ಅದರ ಮಿಡಿತವನ್ನು 372ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 9600 ಬಿಟ್. ಇದು ಮನೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಪರಿಚಿತವಾದ ವೇಗವೇ! ಸೀರಿಯಲ್ ಪೋರ್ಟಿನ ವೋಲ್ಟೇಜನ್ನು 5 ವೋಲ್ಟಿಗೆ ತಗ್ಗಿಸುವ ಒಂದು ಚಿಪ್, ಒಂದು ಕ್ರಿಸ್ಟಲ್, ಒಂದಿಷ್ಟು ರೆಸಿಸ್ಟರುಗಳು, ಕಾರ್ಡು ತೂರಿಸುವ ಸಾಕೆಟ್ಟು ಇದ್ದರೆ ಒಂದು ಸಂಜೆಯ ಬೆಸುಗೆ ಕೆಲಸ ಸಾಕು. 'ಫೀನಿಕ್ಸ್', 'ಸ್ಮಾರ್ಟ್‌ಮೌಸ್' ಎಂಬ ಹೆಸರಿನ ನಕ್ಷೆಗಳು ಕೈಯಿಂದ ಕೈಗೆ ಹರಿದಾಡಿದವು.

1993ರಲ್ಲಿ ಮೈಕ್ರೊಚಿಪ್ ಕಂಪನಿ ಹೊರತಂದ ಪಿಐಸಿ16ಸಿ84 ಈ ಹವ್ಯಾಸಕ್ಕೆ ಇನ್ನಷ್ಟು ರೆಕ್ಕೆ ಕಟ್ಟಿತು. ಅಲ್ಲಿಯವರೆಗೆ ಅಂಥ ಚಿಪ್‌ಗಳಲ್ಲಿ ಬರೆದದ್ದನ್ನು ಅಳಿಸಲು ನೇರಳಾತೀತ ದೀಪದಡಿ ನಿಮಿಷಗಟ್ಟಲೆ ಇಡಬೇಕಿತ್ತು. ಇದನ್ನು ವಿದ್ಯುತ್ತಿನಿಂದಲೇ ಅಳಿಸಿ ಮತ್ತೆ ಬರೆಯಬಹುದಿತ್ತು. ಚಿಪ್ಪನ್ನೂ ಮೆಮೊರಿಯನ್ನೂ ಕಾರ್ಡಿನಾಕಾರದ ತೆಳು ಹಲಗೆಗೆ ಬೆಸೆದರೆ ಮನೆಯಲ್ಲೇ ತಯಾರಾದ ಸ್ಮಾರ್ಟ್ ಕಾರ್ಡು ಸಿದ್ಧ.

ಕೊಳ್ಳುವವರ ವಾದದಲ್ಲೂ ಹುರುಳಿತ್ತು. ಬೆಸುಗೆ ಸ್ವಲ್ಪ ತಪ್ಪಿದರೂ ಕಾರ್ಡು ಸುಟ್ಟೀತು. 3 ವೋಲ್ಟಿನ ಕಾರ್ಡಿಗೆ 5 ವೋಲ್ಟ್ ಹರಿದರೆ ಅದು ಕೆಡುವ ಭಯ. ಕಾರ್ಡು ಓದುವ ಸಾಧನವನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿ/ಎಸ್‌ಸಿ ಎಂಬ ಸಾಮಾನ್ಯ ಕ್ರಮ 1997ರಲ್ಲಿ ಬಂದ ಬಳಿಕ ಕಾರ್ಖಾನೆಯ ಸಾಧನಗಳ ಬಳಕೆ ಸುಲಭವಾಯಿತು. ಸಮಯಕ್ಕೆ ಬೆಲೆ ಕಟ್ಟುವವರಿಗೆ ಕೊಳ್ಳುವುದೇ ಲಾಭ. ಆದರೆ ಕಟ್ಟಿದವನಿಗೆ ಕಾರ್ಡು ಹೇಗೆ ಯೋಚಿಸುತ್ತದೆಂಬ ತಿಳಿವಳಿಕೆ ದಕ್ಕುತ್ತಿತ್ತು. ಕೊಂಡವನಿಗೆ ಸಿಗುತ್ತಿದ್ದುದು ಒಂದು ಮುಚ್ಚಿದ ಡಬ್ಬಿ ಮಾತ್ರ.

ಈ ತಿಳಿವಳಿಕೆ ಎಲ್ಲರಿಗೂ ಹಿತವಾಗಿರಲಿಲ್ಲ. ಬ್ರಿಟನ್ನಿನ ಸ್ಕೈ ಟೆಲಿವಿಷನ್ ತನ್ನ ಉಪಗ್ರಹ ಚಾನೆಲ್ಲುಗಳಿಗೆ ಕಾರ್ಡಿನ ಬೀಗ ಹಾಕಿತ್ತು. ಜರ್ಮನಿಯವರಿಗೆ ಚಂದಾ ಮಾರುವ ಹಕ್ಕು ಅದಕ್ಕಿರಲಿಲ್ಲ. ಹಣ ಕೊಡುತ್ತೇವೆಂದರೂ ಅಲ್ಲಿನ ವೀಕ್ಷಕರಿಗೆ ಕಾರ್ಡು ಸಿಗುತ್ತಿರಲಿಲ್ಲ. 1994ರಲ್ಲಿ ಎರ್ಲಾಂಗೆನ್‌ನ ವಿದ್ಯಾರ್ಥಿ ಮಾರ್ಕುಸ್ ಕೂನ್, ಮನೆಯ ಕಂಪ್ಯೂಟರನ್ನೇ ಸ್ಕೈ ಕಾರ್ಡಿನಂತೆ ನಟಿಸುವಂತೆ ಮಾಡುವ 'ಸೀಸನ್7' ತಂತ್ರಾಂಶವನ್ನು ಬರೆದರು. ಕಾರ್ಡಿನಾಕಾರದ ಹಲಗೆಯನ್ನು ಡಿಕೋಡರಿಗೆ ತೂರಿಸಿ, ಅದರ ತಂತಿಯನ್ನು ಸೀರಿಯಲ್ ಪೋರ್ಟಿಗೆ ಸೇರಿಸಿದರಾಯಿತು.

ಫ್ರಾನ್ಸಿನಲ್ಲಿ ಎಂಜಿನಿಯರ್ ಸೆರ್ಜ್ ಉಂಪಿಕ್ ಬ್ಯಾಂಕ್ ಕಾರ್ಡುಗಳ ಸಹಿಯನ್ನು ಕಾಯುತ್ತಿದ್ದ 320 ಬಿಟ್ಟಿನ ಸಂಖ್ಯೆಯನ್ನು ಅಪವರ್ತಿಸಿದರು. 1998ರಲ್ಲಿ ಬ್ಯಾಂಕುಗಳ ಒಕ್ಕೂಟದೊಡನೆ ಮಾತುಕತೆಗೆ ಇಳಿದರು. ತಮ್ಮ ಮಾತಿಗೆ ಸಾಕ್ಷಿಯಾಗಿ ಸ್ವತಃ ತಯಾರಿಸಿದ ಕಾರ್ಡುಗಳಿಂದ ಪ್ಯಾರಿಸ್ಸಿನ ಮೆಟ್ರೊ ಯಂತ್ರಗಳಲ್ಲಿ ಟಿಕೆಟ್ ಕೊಂಡು ತೋರಿಸಿದರು. ಸಿಕ್ಕಿದ್ದು ಸಂಭಾವನೆಯಲ್ಲ, ಮೊಕದ್ದಮೆ. 2000ದ ಫೆಬ್ರುವರಿಯಲ್ಲಿ ಅವರಿಗೆ 10 ತಿಂಗಳ ಅಮಾನತು ಶಿಕ್ಷೆಯಾಯಿತು.

ಕೊಳ್ಳುವುದೋ ಕಟ್ಟುವುದೋ ಎಂಬ ಪ್ರಶ್ನೆಯ ನಿಜವಾದ ತೂಕ ತಿಳಿದದ್ದು ಅಮೆರಿಕದಲ್ಲಿ. ಅಲ್ಲಿನ ಉಪಗ್ರಹ ಟಿ.ವಿ. ಸಂಸ್ಥೆ ಡೈರೆಕ್ಟಿವಿಯ ಕಾರ್ಡುಗಳನ್ನು ತಿದ್ದಿ ಪುಕ್ಕಟೆ ನೋಡುವವರ ಸಂಖ್ಯೆ ಬೆಳೆದಿತ್ತು. 2001ರ ಜನವರಿ 21ರ ಭಾನುವಾರ ಸಂಸ್ಥೆ ಆಕಾಶದಿಂದಲೇ ಕಳಿಸಿದ ಸಂಕೇತ, ತಿದ್ದಿದ ಕಾರ್ಡುಗಳನ್ನು ಒಮ್ಮೆಗೇ ನಿಷ್ಕ್ರಿಯಗೊಳಿಸಿತು. ಅದೇ ವರ್ಷ ಪ್ರೋಗ್ರಾಮರ್ ಮಾರುವ ಅಂಗಡಿಗಳ ಮೇಲೆ ದಾಳಿಗಳು ನಡೆದು, ಗ್ರಾಹಕರ ಪಟ್ಟಿಗಳು ಸಂಸ್ಥೆಯ ಕೈ ಸೇರಿದವು. ಪಟ್ಟಿಯಲ್ಲಿದ್ದವರಿಗೆ ನೋಟಿಸುಗಳು ಹೊರಟವು. ಸಾಮಾನ್ಯವಾಗಿ 3,500 ಡಾಲರ್ ಕಟ್ಟಿ ರಾಜಿಯಾಗಿ, ಇಲ್ಲವೇ ಕೋರ್ಟಿಗೆ ಬನ್ನಿ ಎಂಬುದು ಅವುಗಳ ಸಾರಾಂಶ. ಇಂಥ ನೋಟಿಸುಗಳು ಒಂದು ಲಕ್ಷವನ್ನು ದಾಟಿದವು. ಮೊಕದ್ದಮೆಗಳು ಇಪ್ಪತ್ತು ಸಾವಿರವನ್ನು ಮೀರಿದವು.

ಇಲ್ಲಿಯೇ ಇದ್ದದ್ದು ತೊಡಕು. ಅದೇ ಪ್ರೋಗ್ರಾಮರಿನಿಂದ ಕಂಪ್ಯೂಟರಿಗೆ ಕಾರ್ಡಿನ ಬೀಗ ಹಾಕಬಹುದು, ಭದ್ರತಾ ಸಂಶೋಧನೆ ನಡೆಸಬಹುದು, ಪಾಠ ಕಲಿಯಬಹುದು. ಸಾಧನವನ್ನು ಕೊಂಡ ಬಿಲ್ಲು ಕಳ್ಳತನಕ್ಕೆ ಪುರಾವೆಯಾದೀತೆ? ಡೈರೆಕ್ಟಿವಿ ಮತ್ತು ಟ್ರೆವರ್ಗಿ ನಡುವಿನ ಪ್ರಕರಣದಲ್ಲಿ 2004ರ ಜೂನ್‌ನಲ್ಲಿ ಹನ್ನೊಂದನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಇಂಥ ಸಾಧನವನ್ನು ಕೇವಲ ಹೊಂದಿರುವುದರ ಮೇಲೆ ಖಾಸಗಿ ಸಂಸ್ಥೆ ಪರಿಹಾರದ ದಾವೆ ಹೂಡಲಾಗದು ಎಂದಿತು. ಅದೇ ತಿಂಗಳು, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಮತ್ತು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಕೇಂದ್ರವೊಂದರ ಒತ್ತಾಯದ ಫಲವಾಗಿ, ಸಾಮಾನ್ಯ ಬಳಕೆಯ ಪ್ರೋಗ್ರಾಮರ್ ಕೊಂಡರೆಂಬ ಒಂದೇ ಕಾರಣಕ್ಕೆ ಯಾರನ್ನೂ ಬೆನ್ನಟ್ಟುವುದಿಲ್ಲ ಎಂದು ಸಂಸ್ಥೆ ಒಪ್ಪಿಕೊಂಡಿತು. ಆದರೆ ಅಷ್ಟರಲ್ಲಿ ವಕೀಲರ ಖರ್ಚಿಗೆ ಹೆದರಿ ಹಣ ಕಟ್ಟಿದವರು ಕಟ್ಟಿಯಾಗಿತ್ತು.

ಇದರಲ್ಲೊಂದು ವಿಪರ್ಯಾಸವಿದೆ. ಮನೆಯಲ್ಲೇ ಬೆಸುಗೆ ಹಾಕಿ ಯಂತ್ರ ಕಟ್ಟಿದವನು ಕಳ್ಳನಾಗಿದ್ದರೂ ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಾಡುಹಗಲೇ ಅಂಗಡಿಯಲ್ಲಿ ಹೆಸರು, ವಿಳಾಸ ಕೊಟ್ಟು ಕೊಂಡವನು ನಿರಪರಾಧಿಯಾಗಿದ್ದರೂ ನೋಟಿಸು ಪಡೆದ. ಕತ್ತಿ ಕೊಂಡವರೆಲ್ಲ ಕೊಲೆಗಾರರಲ್ಲ ಎಂಬ ಹಳೆಯ ವಿವೇಕವನ್ನು ಹೊಸ ಸಾಧನದ ವಿಷಯದಲ್ಲಿ ನ್ಯಾಯಾಲಯಗಳು ಮತ್ತೆ ಹೇಳಬೇಕಾಯಿತು.

ಇಂದು ಯುಎಸ್‌ಬಿಗೆ ತೂರಿಸುವ ಕಾರ್ಡ್ ರೀಡರ್ ಕಡಿಮೆ ಬೆಲೆಗೆ ಸಿಗುತ್ತದೆ. ಕಟ್ಟಿದರೆ ಉಳಿಯುವ ಹಣ ಅಷ್ಟೇನಿಲ್ಲ. ಸುಧಾರಿಸಿದ ಕಾರ್ಡುಗಳು ಗುಪ್ತ ಕೀಲಿಯಿಲ್ಲದೆ ಯಾರಿಗೂ ಬಾಯಿ ಬಿಡುವುದಿಲ್ಲ. ಆ ಬೀಗಗಳು ಇಷ್ಟು ಗಟ್ಟಿಯಾದದ್ದರ ಹಿಂದೆ, ಟಿ.ವಿ.ಯ ಕ್ರಿಸ್ಟಲ್ ಹಿಡಿದು ರಾತ್ರಿಯಿಡೀ ಬೆಸುಗೆ ಹಾಕುತ್ತ ಕುಳಿತ ಆ ತಲೆಮಾರಿನ ಪಾಲೂ ಇದೆ.